ಸ್ವಂತ ಲೆಕ್ಕಕ್ಕೆ ಬಾಡಿಗೆ ಕಟ್ಟುವ ಸಾಹುಕಾರರಿಗೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪೇಟೆಗಳ ಅಡತಿ ಅಂಗಡಿಕಾರರು, ಕಿರಾಣಿ ಸಾಹುಕಾರರು, ಮುದ್ರಣಾಲಯದ ಮಾಲೀಕರು, ಮಗ್ಗದ ಯಜಮಾನರು, ಔಷಧಿ ಅಂಗಡಿಯವರು ಹಾಗೂ ಪತ್ತಿನ ಸಂಘಗಳ ಅಧ್ಯಕ್ಷರು, ಇವರೆಲ್ಲರ ಸನ್ನಿಧಾನಕ್ಕೆ,

ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಾವೂ ತಮ್ಮ ಕಂಪ್ಯೂಟರೂ ಕ್ಷೇಮವೆಂದು ನಂಬಿದ್ದೇನೆ.

ಪತ್ರ ಬರೆಯುವ ಕಾರಣವೇನೆಂದರೆ, ತಮ್ಮ ಔದಾರ್ಯವನ್ನು ಈವರೆಗೆ ಯಾರೂ ಬಾಯಿತುಂಬ ಹೊಗಳಿಲ್ಲ. ಜಾತ್ರೆಗೆ ದೇಣಿಗೆ ಕೊಟ್ಟರೆ ರಸೀದಿ ಸಿಗುತ್ತದೆ. ಶಾಲೆಗೆ ಫ್ಯಾನು ಕೊಡಿಸಿದರೆ ಅದರ ರೆಕ್ಕೆಯ ಮೇಲೆ ಹೆಸರು ಬರುತ್ತದೆ. ವರ್ಷ ವರ್ಷವೂ ತಪ್ಪದೆ ದೂರದ ಸಾಫ್ಟ್‌ವೇರ್ ಕಂಪನಿಗಳಿಗೆ ತಾವು ಸಲ್ಲಿಸುತ್ತಿರುವ ಕಾಣಿಕೆಗೆ ಮಾತ್ರ ಒಂದು ಶಾಲು, ಒಂದು ಹಾರ, ಒಂದು ತೆಂಗಿನಕಾಯಿಯೂ ಇಲ್ಲ. ಆ ಕೊರತೆ ನೀಗಿಸಲೆಂದೇ ಈ ಪತ್ರ.

ತಮ್ಮ ವ್ಯವಹಾರದ ಜಾಣತನವನ್ನು ಬಲ್ಲವರೇ ಬಲ್ಲರು. ಗದಗಿನ ಎಪಿಎಂಸಿಗೆ ಹೆಸರುಕಾಳಿನ ಚೀಲ ಬಂದರೆ ತಾವು ಮೇಲಿನ ಕಾಳು ನೋಡಿ ದರ ಹೇಳುವವರಲ್ಲ. ಚೀಲದೊಳಗೆ ಮೊಳಕೈತನಕ ಕೈ ಇಳಿಸಿ, ತಳದ ಕಾಳು ಮೇಲೆತ್ತಿ, ಅಂಗೈಯಲ್ಲಿ ಹರವಿ, ಉಫ್ ಎಂದು ಊದಿ, ಒಂದನ್ನು ಹಲ್ಲಿನಡಿ ಇಟ್ಟು ಕಡಿದು ನೋಡುತ್ತೀರಿ. ಕಟ್ ಎಂದರೆ ಒಂದು ದರ, ಮೆತ್ತಗಾದರೆ ಇನ್ನೊಂದು ದರ. ಅದೇ ಅಂಗಡಿಯಲ್ಲಿ, ಅದೇ ಗಾದಿಯ ಪಕ್ಕದ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕುವಾಗ ಪರದೆಯ ಮೇಲೆ ಉದ್ದನೆಯ ಕರಾರುಪತ್ರ ಮೂಡುತ್ತದೆ. ತಾವು ಒಂದಕ್ಷರ ಓದದೆ ‘ಒಪ್ಪಿದೆ’ ಎಂಬಲ್ಲಿ ಒತ್ತಿಬಿಡುತ್ತೀರಿ. ಆ ಕರಾರಿನ ಸಾರ ಸಾಮಾನ್ಯವಾಗಿ ಇಷ್ಟು: ನೀನು ಕೊಂಡದ್ದು ಸಾಫ್ಟ್‌ವೇರನ್ನಲ್ಲ, ಅದನ್ನು ಬಳಸುವ ಪರವಾನಗಿಯನ್ನು, ಒಳಗೇನಿದೆ ಎಂದು ನೋಡುವಂತಿಲ್ಲ, ತಿದ್ದುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ, ಇದರಿಂದ ನಿನಗೇನಾದರೂ ಲುಕ್ಸಾನಾದರೆ ನಮ್ಮ ಹೊಣೆ ಅಷ್ಟಕ್ಕಷ್ಟೇ. ಇಂಥ ಕರಾರಿನ ಮೇಲೆ ಒಬ್ಬ ರೈತ ತಮಗೆ ಶೇಂಗಾ ಮಾರಲು ಬಂದಿದ್ದರೆ ಅವನನ್ನು ಚೀಲಸಮೇತ ಗೇಟಿನಾಚೆ ಕಳಿಸುತ್ತಿದ್ದಿರಿ. ಇಲ್ಲಿ ಮಾತ್ರ ದೊಡ್ಡ ಮನಸ್ಸು.

ದೀಪಾವಳಿಯ ಲಕ್ಷ್ಮೀಪೂಜೆಯಂದು ತಮ್ಮ ಅಂಗಡಿಗಳ ಮುಂದೆ ಹಾದು ಹೋಗುವುದೇ ಒಂದು ಸೊಗಸು. ಮೊದಲು ಕೆಂಪು ಬಟ್ಟೆಯ ಹೊಸ ಕೀರ್ದಿ ಪುಸ್ತಕಕ್ಕೆ ಪೂಜೆಯಾಗುತ್ತಿತ್ತು. ಈಗ ಕೀರ್ದಿಯ ಜಾಗದಲ್ಲಿ ಮಾನಿಟರು ಕೂತಿದೆ. ಅದರ ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಸಿಪಿಯು ಡಬ್ಬಿಗೆ ಚೆಂಡುಹೂವಿನ ಮಾಲೆ, ಕೀಬೋರ್ಡಿನ ಸಂದಿಯಲ್ಲಿ ಎರಡು ಅಕ್ಷತೆ ಕಾಳು. ಭಕ್ತಿಗೆ ಕೊರತೆಯಿಲ್ಲ. ಒಂದೇ ವ್ಯತ್ಯಾಸ. ಹಳೆಯ ಕೀರ್ದಿಯನ್ನು ತಮ್ಮ ಅಜ್ಜ ಸತ್ತ ನಲವತ್ತು ವರ್ಷಕ್ಕೂ ತೆರೆದು, ಯಾರ ಉದ್ರಿ ಎಷ್ಟು ಬಾಕಿ ಎಂದು ಓದಬಹುದಿತ್ತು. ಈಗಿನದನ್ನು ಓದಲು ಪರವಾನಗಿಯ ಅವಧಿ ಮುಗಿದಿರಬಾರದು, ಆ ಕಂಪನಿ ಬದುಕಿರಬೇಕು, ಹೊಸ ಆವೃತ್ತಿಗೆ ಹಳೆಯ ಫೈಲಿನ ಗುರುತು ಹತ್ತಬೇಕು. ತಿಜೋರಿ ತಮ್ಮದು, ಒಳಗಿನ ರೊಕ್ಕ ತಮ್ಮದು, ಕೀಲಿ ಮಾತ್ರ ಪರಊರಿನವನ ಉಡಿದಾರದಲ್ಲಿ. ಇಂಥ ವಿಶ್ವಾಸ ಬೀಗರ ನಡುವೆಯೂ ಕಾಣಸಿಗುವುದಿಲ್ಲ.

ತಮ್ಮ ಈ ವಿಶ್ವಾಸವನ್ನು ಕೆಡಿಸಲು ಯಾರಾದರೂ ಬರಬಹುದು. ಪಾಲಿಟೆಕ್ನಿಕ್ ಓದಿದ ಹುಡುಗನೊಬ್ಬ ಕಿಸೆಯಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಬಂದು, ‘ಯಜಮಾನ್ರ, ಮುಕ್ತ ತಂತ್ರಾಂಶ ಅಂತ ಒಂದೈತ್ರಿ. ಯಾರರೆ ಬಳಸಬಹುದು, ಒಳಗ ನೋಡಬಹುದು, ತಿದ್ದಬಹುದು, ಬಾಜೂದವ್ರಿಗೂ ಕೊಡಬಹುದು’ ಎಂದಾನು. ತಕ್ಷಣ ಚಹಾ ಕುಡಿಸಿ ಕಳಿಸಿಬಿಡಿ. ಕೂತು ಕೇಳಿದರೆ ಅಪಾಯ. ಯಾಕೆ ಅಪಾಯ ಎಂಬುದನ್ನು ನಾನೇ ವಿವರಿಸುತ್ತೇನೆ, ಆತ ಬಂದಾಗ ತಮಗೆ ಉತ್ತರ ಸಿದ್ಧವಿರಲಿ.

ಮೊದಲನೆಯದಾಗಿ, ಆತ ಚರಿತ್ರೆ ತೆಗೆಯುತ್ತಾನೆ. ಗದಗಿನ ಮಗ್ಗುಲಿನ ಕಣಗಿನಹಾಳದ ಹೆಸರು ಹೇಳುತ್ತಾನೆ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಪುಟ್ಟ ಊರಿನಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದೆಂದು ಅದು ಹೆಸರಾಯಿತು. ಊರಿನವರೇ ಸೇರಿ ತಮ್ಮ ತಮ್ಮ ರೊಕ್ಕ ಕೂಡಿಸಿದರೆ ಬಡ್ಡಿ ಸಾಹುಕಾರನ ಮನೆಯ ಪಾವಟಿಗೆ ಹತ್ತುವುದು ತಪ್ಪುತ್ತದೆ ಎಂಬ ವಿಚಾರವನ್ನು ಆ ಊರು ದೇಶಕ್ಕೆ ಕಲಿಸಿತು. ಅಂಥ ಊರಿನ ಸುತ್ತಮುತ್ತಲೇ ಇರುವ ತಾವು ಆ ಪಾಠವನ್ನು ಪೂರ್ತಿ ಮರೆತು, ಬಡ್ಡಿಯ ಬದಲು ಚಂದಾ ಎಂದು ಹೆಸರು ಬದಲಿಸಿದ ಕೂಡಲೇ ವರ್ಷಕ್ಕೊಮ್ಮೆ ಕಟ್ಟುತ್ತಿದ್ದೀರಿ. ಮರೆಯುವುದಕ್ಕೂ ಒಂದು ಸಾಧನೆ ಬೇಕು. ಅಭಿನಂದನೆಗಳು.

ಎರಡನೆಯದಾಗಿ, ಆತ ಮುದ್ರಣಾಲಯಗಳ ಕಡೆ ಕೈ ತೋರಿಸುತ್ತಾನೆ. ಗದಗಿಗೆ ಮುದ್ರಣಕಾಶಿ ಎಂಬ ಬಿರುದಿದೆ. ಸಂಕೇಶ್ವರ ನಿಘಂಟು ಹಿಡಿದು ಇಂಗ್ಲಿಷ್ ಕಲಿತ ತಲೆಮಾರುಗಳಿವೆ. ಕನ್ನಡದ ಅಕ್ಷರಗಳನ್ನು ಮೊಳೆಯಲ್ಲಿ ಜೋಡಿಸಿದ ಕೈಗಳು ಈ ಊರಿನವು. ಈಗ ಅಂಥ ಒಂದು ಮುದ್ರಣಾಲಯದೊಳಗೆ ಹೋಗಿ ಆಪರೇಟರನ ಬೆನ್ನ ಹಿಂದೆ ನಿಂತು ನೋಡಿ. ಲಗ್ನಪತ್ರಿಕೆ ಸಿದ್ಧವಾಗುತ್ತಿದೆ. ಪರದೆಯ ಮೇಲೆ ಪೇಜ್‌ಮೇಕರ್ 7. ಅದು 2001ರಲ್ಲಿ ಬಂದ ಆವೃತ್ತಿ. ಅದಾದ ಮೇಲೆ ಆ ಸಾಫ್ಟ್‌ವೇರಿಗೆ ದೊಡ್ಡ ಹೊಸ ಆವೃತ್ತಿ ಬರಲೇ ಇಲ್ಲ, ಮಾಡಿದ ಕಂಪನಿಯೇ ಅದನ್ನು ಕೈಬಿಟ್ಟಿತು. ಅಂದು ಹುಟ್ಟಿದ ಹುಡುಗನ ಮದುವೆಯ ಪತ್ರಿಕೆಯೂ ಇಂದು ಅದರಲ್ಲೇ ಅಚ್ಚಾಗುತ್ತಿದೆ. ಯಾಕಪ್ಪಾ ಎಂದರೆ ಹಳೆಯ ಫೈಲುಗಳೆಲ್ಲ ಅದರಲ್ಲಿವೆ, ಹಳೆಯ ಅಕ್ಷರವಿನ್ಯಾಸಗಳು ಅದಕ್ಕೇ ಒಗ್ಗಿವೆ.

ಆ ಅಕ್ಷರಗಳ ಗುಟ್ಟು ಇನ್ನೂ ರುಚಿಕರ. ‘ಕನ್ನಡ’ ಎಂಬ ಮೂರಕ್ಷರವನ್ನು ನುಡಿ ಎಂಬ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದು, ಅದನ್ನು ಹಾಗೇ ಎತ್ತಿ ಮಿಂಚಂಚೆಗೋ ಮೊಬೈಲಿಗೋ ಹಾಕಿ ನೋಡಿ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರೆಳೆದ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರ ಒಂದು ಎಸ್, ಒಂದು ಕ್ಯೂ, ಕೊನೆಗೆ ಮತ್ತೆ ಅದೇ ಎ. ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳಿವು, ವೇಷ ಕಳಚಿದರೆ ಕನ್ನಡವೇ ಇಲ್ಲ. ಪಂಪ ತನ್ನ ಕಾವ್ಯಕ್ಕೆ ಬಳಸಿದ್ದು ಪುಲಿಗೆರೆಯ ತಿರುಳುಗನ್ನಡವೆಂದು ಹೆಮ್ಮೆಪಟ್ಟ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಸಾವಿರ ವರ್ಷದ ಮೇಲೆ ಅದೇ ಲಕ್ಷ್ಮೇಶ್ವರದ ಡಿಟಿಪಿ ಅಂಗಡಿಯಲ್ಲಿ ಕನ್ನಡ ಪೌಂಡಿನ ಗುರುತಾಗಿ ಹಾರ್ಡ್‌ಡಿಸ್ಕಿನಲ್ಲಿ ಮಲಗಿದೆ. ಇದನ್ನು ಪ್ರಗತಿ ಎನ್ನದೆ ಏನೆನ್ನೋಣ? ಯೂನಿಕೋಡಿನಲ್ಲಿ ಕೂರಿಸಿದರೆ ಅಕ್ಷರ ಎಲ್ಲಿ ಹೋದರೂ ಕನ್ನಡವಾಗಿಯೇ ಇರುತ್ತದೆ, ಗುಬ್ಬಿ, ನವಿಲು ಎಂಬ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಸ್ಕ್ರೈಬಸ್ ಎಂಬ ಮುಕ್ತ ಪುಟವಿನ್ಯಾಸದ ತಂತ್ರಾಂಶದಲ್ಲಿ ಈಗ ಒತ್ತಕ್ಷರಗಳೂ ನೆಟ್ಟಗೆ ಕೂರುತ್ತವೆ, ಲಗ್ನಪತ್ರಿಕೆಯ ಗಣಪತಿ, ಬಾಳೆಕಂಬ, ಬಳ್ಳಿಗಳನ್ನು ಇಂಕ್‌ಸ್ಕೇಪಿನಲ್ಲಿ ಬರೆಯಬಹುದು ಎಂದೆಲ್ಲ ಆ ಹುಡುಗ ಹೇಳುತ್ತಾನೆ. ಕಿವಿಗೆ ಹಾಕಿಕೊಳ್ಳಬೇಡಿ.

ಮೂರನೆಯದಾಗಿ, ಮುದ್ರಣದ ಮಾತು ಬಂದದ್ದಕ್ಕೆ, ಈ ಮುಕ್ತ ತಂತ್ರಾಂಶದ ಗದ್ದಲ ಶುರುವಾದದ್ದೇ ಒಂದು ಪ್ರಿಂಟರಿನಿಂದ ಎಂಬ ಕತೆಯನ್ನು ಆತ ಬಿಚ್ಚುತ್ತಾನೆ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅದರೊಳಗೆ ಪದೇಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬಾತ ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಾನೇ ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಮುದ್ರಣಕ್ಕೆ ಕಾಯುತ್ತಿದ್ದವರೆಲ್ಲರ ಪರದೆಗೂ ಸುದ್ದಿ ಹೋಗುವಂತೆ ಮಾಡಿದ್ದ. ಹೊಸದಕ್ಕೂ ಹಾಗೇ ಮಾಡೋಣವೆಂದರೆ ಅದರ ಮೂಲಸಂಕೇತ ಕೊಡುವವರಿಲ್ಲ. ಅದು ಇನ್ನೊಂದು ವಿಶ್ವವಿದ್ಯಾಲಯದ ಒಬ್ಬರ ಬಳಿಯಿದೆ ಎಂದು ತಿಳಿದು ಹೋಗಿ ಕೇಳಿದ. ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂದರು ಅವರು. ಸಿಟ್ಟು ಒಳಗೇ ಉಳಿಯಿತು. 1983ರ ಸೆಪ್ಟೆಂಬರಿನಲ್ಲಿ ಆತ ಮುಕ್ತ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಘೋಷಿಸಿದ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅದಕ್ಕೆ ಬೇಕಿದ್ದ ಕರ್ನೆಲ್ ಎಂಬ ತಿರುಳನ್ನು ಬರೆದ. ಅದೇ ಲಿನಕ್ಸ್. ತಮ್ಮ ಅಂಗಿಯ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಕೂತಿದೆ. ಜಗತ್ತಿನ ಅತಿ ವೇಗದ ಐನೂರು ಸೂಪರ್ ಕಂಪ್ಯೂಟರುಗಳೂ 2017ರಿಂದ ಅದರ ಮೇಲೆಯೇ ಓಡುತ್ತಿವೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಒಂದು ಬೈಗುಳ ಹೇಳಿ, ಬಡಿದು, ಸರ್ವಿಸ್‌ನವನಿಗೆ ಫೋನ್ ಹಚ್ಚಿ ಸುಮ್ಮನಾಗುವ ತಮ್ಮ ಸಂಯಮ ಆ ಮನುಷ್ಯನಿಗೆ ಇದ್ದಿದ್ದರೆ ಇಷ್ಟೆಲ್ಲ ರಾಮಾಯಣವೇ ಆಗುತ್ತಿರಲಿಲ್ಲ.

ಪ್ರತಿ ಮಾಡಿ ಹಂಚುವುದು ನಮ್ಮ ಕಡೆಯ ಪದ್ಧತಿಯೇ ಅಲ್ಲ ಎಂದು ತಾವು ವಾದಿಸಬಹುದು. ಹಾಗೆ ವಾದಿಸುವಾಗ ವೀರನಾರಾಯಣನ ಗುಡಿಯ ಕಡೆ ಮುಖ ಮಾಡಬೇಡಿ. ಅಲ್ಲಿ ಕೂತು ಕುಮಾರವ್ಯಾಸ ಬರೆದ ಭಾರತ ಊರೂರಿಗೆ ಹೋದದ್ದು ಲಿಪಿಕಾರರು ಓಲೆಗರಿಯಲ್ಲಿ ಪ್ರತಿ ಮಾಡಿದ್ದರಿಂದ, ಗಮಕಿಗಳು ಹಾಡಿದ್ದರಿಂದ. ಪ್ರತಿ ಓಲೆಗೆ ವಾರ್ಷಿಕ ಚಂದಾ ಕಟ್ಟಿಸಿಕೊಂಡಿದ್ದರೆ ಆ ಕಾವ್ಯ ಗದಗಿನ ಅಗಸೆ ದಾಟುತ್ತಿತ್ತೋ ಇಲ್ಲವೋ. ಬೆಟಗೇರಿಯ ಕಡೆಗೂ ನೋಡಬೇಡಿ. ಜಕಾರ್ಡ್ ಕಟ್ಟಿದ ಮಗ್ಗದ ನೆತ್ತಿಯ ಮೇಲೆ ದಾರದಲ್ಲಿ ಪೋಣಿಸಿದ ತೂತಿನ ರಟ್ಟುಗಳು ಒಂದರ ಹಿಂದೊಂದು ಇಳಿಯುತ್ತವಲ್ಲ, ಕಂಪ್ಯೂಟರಿನ ವಂಶವೃಕ್ಷದಲ್ಲಿ ಅದು ಮುತ್ತಜ್ಜ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಅದನ್ನು ರೂಢಿಗೆ ತಂದ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಅದೇ ರಟ್ಟುಗಳನ್ನು ತೆಗೆದುಕೊಂಡ. ರಟ್ಟಿನಲ್ಲಿ ತೂತು ಎಲ್ಲಿದೆ, ಎಲ್ಲಿಲ್ಲ ಎಂಬುದು ನೇಕಾರನ ಕಣ್ಣಿಗೆ ಕಾಣುತ್ತದೆ. ಹರಿದರೆ ಹೊಸ ರಟ್ಟು ಕೊರೆದು ಪೋಣಿಸುತ್ತಾನೆ. ಒಳಗೆ ನೋಡಬೇಡ ಎಂದು ಆ ಮಗ್ಗ ಅವನಿಗೆ ಹೇಳಿದ್ದಿಲ್ಲ.

ನಾಲ್ಕನೆಯ ವಿಷಯ ಸ್ವಲ್ಪ ಮೆಲ್ಲಗೆ ಮಾತಾಡುವಂಥದ್ದು. ‘ನಮ್ಮದೂ ಫ್ರೀನೇ ಐತಿ ಬಿಡ್ರಿ, ರೊಕ್ಕ ಯಾರ್ ಕೊಟ್ಟಾರ’ ಎಂದು ತಮ್ಮಲ್ಲಿ ಕೆಲವರು ಕಣ್ಣು ಮಿಟುಕಿಸುತ್ತೀರಿ. ಹುಡುಗನೊಬ್ಬ ಬಂದು ಕ್ರ್ಯಾಕ್ ಹಾಕಿ, ಐನೂರು ರೂಪಾಯಿ ತೆಗೆದುಕೊಂಡು ಹೋಗಿದ್ದಾನೆ. ತಾವು ಎಷ್ಟು ಧೈರ್ಯಶಾಲಿಗಳು ಎಂಬುದು ತಮಗೇ ಗೊತ್ತಿರಲಿಕ್ಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕದ್ದ ಸಾಫ್ಟ್‌ವೇರನ್ನು ಗೊತ್ತಿದ್ದೂ ವ್ಯಾಪಾರಕ್ಕೆ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಇನ್ನೊಂದು ಕಡೆ, ಕ್ರ್ಯಾಕ್ ಹಾಕುವವನು ಮೊದಲು ಮಾಡುವ ಕೆಲಸ ಆಂಟಿವೈರಸ್ ಬಂದ್ ಮಾಡುವುದು, ಆಮೇಲೆ ಅಪ್‌ಡೇಟ್ ನಿಲ್ಲಿಸುವುದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಜಡಿದು ಸುಲಿಗೆಗೆ ಕೂತಾಗ ಸಿಕ್ಕಿಬಿದ್ದದ್ದು ಅಪ್‌ಡೇಟ್ ಆಗದ ಯಂತ್ರಗಳೇ. ಆ ತೂತು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಬಿಟ್ಟಿತ್ತು. ತಾವೋ ಸಾಲಗಾರರ ಪಟ್ಟಿ, ಗಿರಾಕಿಗಳ ಫೋನ್ ನಂಬರು, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಅಂಥ ಯಂತ್ರದಲ್ಲಿಟ್ಟು ರಾತ್ರಿ ನಿಶ್ಚಿಂತೆಯಿಂದ ಮಲಗುತ್ತೀರಿ. ಲೆಕ್ಕ ಒಪ್ಪಿಸದೆಯೇ ಬೀಳುವ ನಿದ್ದೆ ಭಾಗ್ಯವಂತರಿಗೆ ಮಾತ್ರ.

ಐದನೆಯದು ಗುಜರಿ ವ್ಯಾಪಾರಿಗಳಿಗೆ ಶುಭಸುದ್ದಿ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ನಿಂತಿತು. ಹನ್ನೊಂದಕ್ಕೆ ಏರೋಣವೆಂದರೆ ಟಿಪಿಎಂ 2.0 ಎಂಬ ಚಿಪ್ ಬೇಕು, ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಅದಕ್ಕೆ ಈಚಿನದೋ ಆಗಿರಬೇಕು. ತಮ್ಮ ಅಂಗಡಿಯ ಕಂಪ್ಯೂಟರು ಇನ್ನೂ ಗಟ್ಟಿಮುಟ್ಟಾಗಿದೆ, ಫ್ಯಾನು ಸ್ವಲ್ಪ ಗೊರಕೆ ಹೊಡೆಯುತ್ತದೆ ಅಷ್ಟೆ. ಆದರೂ ದೂರದಲ್ಲಿ ಕೂತ ಯಾರೋ ಅದಕ್ಕೆ ವಯಸ್ಸಾಯಿತು ಎಂದ ಮೇಲೆ ಆಯಿತು. ಅದೇ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿದರೆ ನಾಲ್ಕು ಜಿಬಿ ರ‍್ಯಾಮಿನಲ್ಲಿ ಇನ್ನೂ ಹಲವು ವರ್ಷ ಬಿಲ್ಲು ಬರೆಯುತ್ತದೆ, ಟೈಪು ಮಾಡುತ್ತದೆ, ಜಿಎಸ್‌ಟಿ ಪೋರ್ಟಲ್ ತೆರೆಯುತ್ತದೆ. ಆದರೆ ಎತ್ತಿಗೆ ಮುಪ್ಪು ಬಂದಿದೆಯೋ ಇಲ್ಲವೋ ಎಂಬುದನ್ನು ಹಲ್ಲು ಎಣಿಸಿ ಹೇಳುವ ಊರಿನವರು ಕಂಪ್ಯೂಟರಿನ ಮುಪ್ಪನ್ನು ಮಾತ್ರ ಪರರ ಮಾತಿನಿಂದ ಒಪ್ಪುವುದೇ ಲಕ್ಷಣ.

ಇನ್ನು ಕೀಲಿಯ ವಿಚಾರ. ನಮ್ಮಂಥ ಸಣ್ಣ ವ್ಯಾಪಾರಿಗೆ ಯಾರು ಯಾಕೆ ಬೀಗ ಹಾಕುತ್ತಾರೆ ಎಂದು ತಾವು ನಗಬಹುದು. ಗುಜರಾತಿನ ವಾಡಿನಾರಿನಲ್ಲಿ ನಯಾರಾ ಎನರ್ಜಿ ಎಂಬ ಕಂಪನಿಯ ತೈಲ ಶುದ್ಧೀಕರಣ ಘಟಕವಿದೆ. ದೇಶದ ತುಂಬ ಅದರ ಪೆಟ್ರೋಲ್ ಬಂಕುಗಳಿವೆ. ರಷ್ಯಾದ ರೋಸ್‌ನೆಫ್ಟಿಗೆ ಅದರಲ್ಲಿ ಪಾಲಿದೆ ಎಂದು 2025ರ ಜುಲೈನಲ್ಲಿ ಯುರೋಪಿನ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯ ಸೇವೆ ನಿಲ್ಲಿಸಿತು. ರೊಕ್ಕ ಕಟ್ಟಿದ ಪರವಾನಗಿ, ಸ್ವಂತ ದತ್ತಾಂಶ, ಆದರೂ ಮಿಂಚಂಚೆ ಬಂದ್. ಕಂಪನಿ ದಿಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು, ಆಮೇಲೆ ಸೇವೆ ಮರಳಿತು. ಅಷ್ಟು ದೊಡ್ಡ ಕಂಪನಿಗೆ ದಿಲ್ಲಿಯ ವಕೀಲರಿದ್ದರು. ತಮ್ಮ ಪರವಾಗಿ ವಾದಿಸಲು ಶಿರಹಟ್ಟಿಯ ವಕೀಲರನ್ನು ದಿಲ್ಲಿಗೆ ಕಳಿಸುವುದಾದರೆ ರೈಲಿನ ಟಿಕೆಟನ್ನು ಈಗಲೇ ಬುಕ್ ಮಾಡಿಸಿ. ಹಾಗಾದರೆ ಸ್ವದೇಶಿ ಸಾಫ್ಟ್‌ವೇರ್ ಬಾಡಿಗೆಗೆ ಹಿಡಿಯೋಣ ಎಂದರೂ ಸರಿಯೇ. ಮನೆಯ ಮಾಲೀಕ ಬದಲಾಗುತ್ತಾನೆ, ತಾವು ಮಾತ್ರ ಬಾಡಿಗೆದಾರರಾಗಿಯೇ ಇರುತ್ತೀರಿ.

ಈ ಮುಕ್ತ ತಂತ್ರಾಂಶವನ್ನು ಬಳಸುವವರು ಯಾರು ಎಂದು ವಿಚಾರಿಸಿದೆ. ಬರೀ ಬಡವರು. ಜೀವವಿಮಾ ನಿಗಮ ಎಷ್ಟೋ ವರ್ಷದ ಹಿಂದೆಯೇ ಲಿನಕ್ಸಿಗೆ ಬಂತು. ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಝೆರೋಧಾ ತನ್ನ ವ್ಯವಹಾರವನ್ನು ಮುಕ್ತ ತಂತ್ರಾಂಶದ ಮೇಲೆ ಕಟ್ಟಿ, 2024ರಲ್ಲಿ ಅಂಥ ತಂತ್ರಾಂಶ ಬರೆಯುವವರಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿಯನ್ನೂ ತೆಗೆದಿಟ್ಟಿತು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಮೂವತ್ತು ಸಾವಿರ ಸರಕಾರಿ ಕಂಪ್ಯೂಟರುಗಳಿಗೆ ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶ ತರುವುದಾಗಿ 2024ರಲ್ಲೇ ಹೇಳಿತು. ಕೇರಳದ ಸರಕಾರಿ ಶಾಲೆಗಳು ವರ್ಷಗಟ್ಟಲೆ ಇದರಲ್ಲೇ ಪಾಠ ನಡೆಸಿವೆ. ಕಾಸರಗೋಡಿನ ನಮ್ಮ ಕನ್ನಡದ ಮಕ್ಕಳೂ ಅದರಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಪಾಪ, ಪೂರಾ ಬಾಡಿಗೆ ಕಟ್ಟುವ ಶಕ್ತಿ ಇವರಿಗೆಲ್ಲ ಇರಲಿಕ್ಕಿಲ್ಲ. ಆ ಶಕ್ತಿ ಇರುವುದು ಲಕ್ಷ್ಮೇಶ್ವರದ ಕಿರಾಣಿ ಅಂಗಡಿಗೆ, ಮುಂಡರಗಿಯ ಗೊಬ್ಬರದ ಅಂಗಡಿಗೆ.

ಮುಕ್ತ ತಂತ್ರಾಂಶವೆಂದರೆ ಮಾಡಿದವರಿಗೆ ಬೇರೆ ಉದ್ಯೋಗವಿಲ್ಲ ಎಂದು ತಿಳಿಯುವವರೂ ಇದ್ದಾರೆ. ಆಸ್ಟ್ರೇಲಿಯಾದ ಮೈಕೆಲ್ ಕರ‍್ರನ್ ಎಂಬ ಅಂಧ ಯುವಕ 2006ರಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶ ಶುರು ಮಾಡಿದ. ಅಂಧ ಗೆಳೆಯ ಜೇಮ್ಸ್ ಟೇ ಕೈಜೋಡಿಸಿದ. ಪರದೆಯ ಮೇಲಿರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಅಂಥ ಮಾರಾಟದ ತಂತ್ರಾಂಶಗಳ ಬೆಲೆ ಕೊಡಲಾಗದ ಅಂಧರಿಗೆ ಇದು ದುಡ್ಡಿಲ್ಲದೆ ಸಿಗುತ್ತದೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳ ಕೈಗೆ ವಿದ್ಯೆ ಕೊಟ್ಟ ವೀರೇಶ್ವರ ಪುಣ್ಯಾಶ್ರಮ ಇರುವುದು ಗದಗಿನಲ್ಲಿ. ಆ ಊರಿನ ಅಂಗಡಿಯಲ್ಲಿ ಕಣ್ಣಿಲ್ಲದ ಪದವೀಧರನೊಬ್ಬ ಲೆಕ್ಕ ಬರೆಯಲು ಕೂರಬಹುದಲ್ಲ ಎಂಬ ಯೋಚನೆ ಯಾರಿಗಾದರೂ ಬಂದರೆ ಅದನ್ನೂ ತಡೆಯಬೇಕು.

ತಮ್ಮ ಆಕ್ಷೇಪಣೆಗಳಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ‘ನಮ್ಮ ಸಿಎ ಸಾಹೇಬ್ರು ಅದ ಸಾಫ್ಟ್‌ವೇರಿನ್ಯಾಗ ಫೈಲ್ ಕೇಳ್ತಾರ್ರಿ.’ ಹೌದು, ಕೇಳುತ್ತಾರೆ. ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಟ್ಯಾಲಿ ದೇಶದ ಲೆಕ್ಕದ ಕೋಣೆಗಳನ್ನು ಗೆದ್ದದ್ದು ಒಳ್ಳೆಯ ಕೆಲಸದಿಂದಲೇ. ಸರಕಾರದ ಜಿಎಸ್‌ಟಿ ಆಫ್‌ಲೈನ್ ಟೂಲೂ ವಿಂಡೋಸನ್ನೇ ಕೇಳುತ್ತದೆ. ನುರಿತ ಆಪರೇಟರುಗಳ ಬೆರಳಿಗೆ ಹಳೆಯ ಕೀಲಿಗಳ ರೂಢಿಯಾಗಿದೆ, ಹೊಸದು ಕಲಿಯುವತನಕ ಕೆಲಸ ನಿಧಾನವಾಗುತ್ತದೆ. ಕೆಟ್ಟರೆ ರಾತ್ರಿ ಎಂಟಕ್ಕೆ ಓಡಿಬರುವ ಮನುಷ್ಯ ಊರಿನಲ್ಲಿಲ್ಲ. ಎಲ್ಲ ನಿಜ. ಕೊನೆಯದಂತೂ ಎಲ್ಲಕ್ಕಿಂತ ನಿಜ. ಓಡಿಬರುವ ಮನುಷ್ಯನನ್ನು ಹುಟ್ಟಿಸುವುದು ಯಾರ ಕೆಲಸ ಎಂಬ ಪ್ರಶ್ನೆಗೆ ಕಣಗಿನಹಾಳದವರು ನೂರಿಪ್ಪತ್ತು ವರ್ಷದ ಹಿಂದೆ ಕೊಟ್ಟ ಉತ್ತರ ತಮಗೆ ಬೇಡವಾದರೆ, ಬಿಡಿ.

ಹಾಗಾಗಿ ಕೊನೆಯಲ್ಲಿ ಕೆಲವು ಎಚ್ಚರಿಕೆಗಳು. ಅಪ್ಪಿತಪ್ಪಿಯೂ ಈ ಕೆಳಗಿನ ಕೆಲಸಗಳನ್ನು ಮಾಡಬಾರದು.

ಅಂಗಡಿಯ ಎಲ್ಲ ಕಂಪ್ಯೂಟರುಗಳನ್ನು ಒಂದೇ ದಿನ ಬದಲಿಸಬೇಕಿಲ್ಲ ಎಂಬ ಸತ್ಯ ಯಾರಿಗೂ ತಿಳಿಯಬಾರದು. ಲೆಕ್ಕದ ಯಂತ್ರ ಹಾಗೇ ಇರಲಿ ಎಂದು, ಪತ್ರವ್ಯವಹಾರ ಮತ್ತು ಪಟ್ಟಿಗಳಿಗಷ್ಟೇ ಲಿಬ್ರೆಆಫೀಸ್ ಹಾಕಿ ನೋಡುವ ಚಾಳಿ ಬೇಡ. ಅದು ವಿಂಡೋಸಿನ ಮೇಲೂ ಓಡುತ್ತದೆ, ಕನ್ನಡದ ಮೆನುವೂ ಇದೆ, ರುಚಿ ಹತ್ತಿದರೆ ಕಷ್ಟ.

ಫೈಲುಗಳನ್ನು ಯಾವ ಸಾಫ್ಟ್‌ವೇರಿನಲ್ಲಾದರೂ ತೆರೆಯುವ ಮುಕ್ತ ಮಾದರಿಯಲ್ಲಿ ಉಳಿಸಬೇಡಿ. ಶಿರಹಟ್ಟಿಯ ಫಕೀರೇಶ್ವರನ ಮಠದಲ್ಲಿ ಹಿಂದೂ-ಮುಸಲ್ಮಾನರು ಒಟ್ಟಿಗೆ ಕೈಮುಗಿಯಬಹುದು. ಫೈಲುಗಳಿಗೆ ಮಾತ್ರ ಮಡಿ-ಮೈಲಿಗೆ ಇರಲಿ. ಒಂದು ಕಂಪನಿಯದು ಇನ್ನೊಂದರ ಪಂಕ್ತಿಯಲ್ಲಿ ಕೂರಬಾರದು.

ಮುಂಡರಗಿಯವರಿಗೆ ಪ್ರತ್ಯೇಕ ಸೂಚನೆ. 1858ರಲ್ಲಿ ತಮ್ಮ ಊರಿನ ಭೀಮರಾಯ ಇಂಗ್ಲಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಪ್ರಾಣ ಬಿಟ್ಟ. ತಾವು ತಿಂಗಳಿಗೊಮ್ಮೆ ಸಾಲಗಾರರ ಪಟ್ಟಿಯನ್ನು ಸಾದಾ ಫೈಲಾಗಿ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಂಡರೂ ಬಂಡಾಯವೆಂದೇ ಲೆಕ್ಕ. ಹುಷಾರು.

ಮುದ್ರಣಾಲಯದವರು ಈ ವರ್ಷದ ಒಂದು ಹ್ಯಾಂಡ್‌ಬಿಲ್ಲನ್ನೂ ಯೂನಿಕೋಡಿನಲ್ಲಿ ಮಾಡಬಾರದು. ಮಾಡಿದರೆ ಅದೇ ಪಠ್ಯ ವಾಟ್ಸಾಪಿಗೂ ಹೋಗುತ್ತದೆ, ಹುಡುಕಿದರೆ ಸಿಗುತ್ತದೆ, ಮುಂದಿನ ವರ್ಷ ಮತ್ತೆ ಟೈಪು ಮಾಡುವ ಕೂಲಿ ತಪ್ಪಿಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಒಟ್ಟುಗೂಡಬೇಡಿ. ಮಾತಿಗೆ ಹಿಡಿಯೋಣ, ನಾಲ್ಕು ಪೇಟೆಯ ನೂರು ಅಂಗಡಿಗಳು ವರ್ಷಕ್ಕೆ ತಲಾ ಹತ್ತು ಸಾವಿರ ರೂಪಾಯಿ ಸಾಫ್ಟ್‌ವೇರಿನ ಲೆಕ್ಕದಲ್ಲಿ ಹೊರಗೆ ಕಳಿಸುತ್ತಿದ್ದರೆ ಅದು ಹತ್ತು ಲಕ್ಷ. ಅದರ ಅರ್ಧದಲ್ಲಿ ಇಬ್ಬರು ಸ್ಥಳೀಯ ಹುಡುಗರನ್ನೋ ಹುಡುಗಿಯರನ್ನೋ ಸಂಬಳಕ್ಕಿಟ್ಟುಕೊಳ್ಳಬಹುದು. ಇಆರ್‌ಪಿನೆಕ್ಸ್ಟ್ ಎಂಬ ಮುಕ್ತ ತಂತ್ರಾಂಶ ನಮ್ಮ ದೇಶದಲ್ಲೇ ತಯಾರಾದದ್ದು, ಜಿಎಸ್‌ಟಿ ಲೆಕ್ಕವೂ ಅದರಲ್ಲಿ ಆಗುತ್ತದೆ. ಅಡತಿ ಅಂಗಡಿಯ ಹಮಾಲಿ, ತೂಕ, ದಲಾಲಿಗೆ ಹೊಂದುವಂತೆ ಅದನ್ನು ಅವರು ತಿದ್ದಿಕೊಡಬಹುದು. ಒಂದು ಅಂಗಡಿಗೆ ತಿದ್ದಿದ್ದು ನೂರಕ್ಕೂ ಆಗುತ್ತದೆ, ಎರಡನೆಯ ಸಲ ಬೆಲೆ ತೆರಬೇಕಿಲ್ಲ. ಕೆಟ್ಟರೆ ಓಡಿಬರುವ ಮನುಷ್ಯನೂ ಹುಟ್ಟಿದ, ಸಂಬಳದ ರೊಕ್ಕ ಗದಗಿನ ಪೇಟೆಯಲ್ಲೇ ಮಿರ್ಚಿ-ಗಿರ್ಮಿಟ್ಟಿಗೂ ಸೀರೆಗೂ ಸಿಮೆಂಟಿಗೂ ಖರ್ಚಾಯಿತು. ಆಗ ಬೆಂಗಳೂರಿನ ಬಸ್ಸು ಹತ್ತಬೇಕಿದ್ದ ಇಬ್ಬರು ಮಕ್ಕಳು ಊರಿನಲ್ಲೇ ಉಳಿದುಬಿಡುವ ಗಂಡಾಂತರವಿದೆ. ವ್ಯಾಪಾರಸ್ಥರ ಸಂಘದ ಮುಂದಿನ ಸಭೆಯಲ್ಲಿ ಯಾರಾದರೂ ಈ ವಿಷಯ ಎತ್ತಿದರೆ, ‘ಮುಂದಿನ ಸಭೆಗೆ ಇಡೋಣು’ ಎಂದು ಹೇಳಿ ಚಹಾ ತರಿಸಿ.

ಈ ಪತ್ರದ ಪರವಾನಗಿ ಕುರಿತು ಒಂದು ಮಾತು ಹೇಳಿ ಮುಗಿಸುತ್ತೇನೆ. ಇದನ್ನು ಯಾರು ಬೇಕಾದರೂ ಓದಬಹುದು, ಪ್ರತಿ ಮಾಡಬಹುದು, ಹಂಚಬಹುದು. ತಪ್ಪು ಕಂಡರೆ ತಿದ್ದಬಹುದು, ಬೈಗುಳ ಕಡಿಮೆಯಾಯಿತು ಎನ್ನಿಸಿದರೆ ಸೇರಿಸಬಹುದು. ಕರಾರು ಒಂದೇ: ತಿದ್ದಿದವರು ಇದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು. ಈ ಸಲವಾದರೂ ಕರಾರನ್ನು ಪೂರ್ತಿ ಓದಿ, ಆಮೇಲೆ ಒಪ್ಪಿ.

ಇತಿ ತಮ್ಮ ವಿಧೇಯ,
ಗದಗಿನ ಒಬ್ಬ ಗಿರಾಕಿ

ವಿ.ಸೂ.: ಉತ್ತರ ಬರೆಯುವವರು ದಯವಿಟ್ಟು ಯೂನಿಕೋಡಿನಲ್ಲಿ ಬರೆಯಿರಿ. ಹಳೆಯ ಫಾಂಟಿನಲ್ಲಿ ಬಂದ ಪತ್ರದಲ್ಲಿ ತಾವು ನನ್ನನ್ನು ಹೊಗಳಿದ್ದೀರೋ ಬೈದಿದ್ದೀರೋ ತಿಳಿಯದೆ, ಅಷ್ಟೂ ಪೌಂಡಿನ ಗುರುತು ಎಣಿಸಿ ಬಾಕಿ ಎಂದು ನನ್ನ ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದೀತು.